ಮೂವತ್ತನಾಲ್ಕನೆಯ ನಿಮಿಷ

ಚಂದಮ್ಮನ ಒಲೆಯ ಹೊಗೆ
ನಮ್ಮ ಹವಾಮಾನ ಕಚೇರಿಯ ಮೊದಲ ಉಪಕರಣ.
ಸರಕಾರದ ದಫ್ತರಿನಲ್ಲಿ ಅದರ ಹೆಸರಿಲ್ಲ.
ಕಂಪೌಂಡಿನ ಆಚೆ ತಗಡಿನ ಚಪ್ಪರ,
ಕಲಬುರಗಿಯ ಖಾನಾವಳಿಗಳಿಗೆ ದಿನಕ್ಕೆ ನಾಲ್ಕುನೂರು ಖಡಕ್ ರೊಟ್ಟಿ.
ಟಪ್ ಟಪ್ ಬಡಿತ ನಿಂತರೆ
ಹಿಟ್ಟು ಮುಗಿದಿದೆ, ಇಲ್ಲವೇ ಗಾಳಿ ತಿರುಗಿ
ಹೊಗೆ ಅವಳ ಕಣ್ಣಿಗೇ ನುಗ್ಗಿದೆ.

"ಇವತ್ತ ಯಾ ಕಡಿಂದ ಬಿಟ್ಟದವಾ ಗಾಳಿ?"
ಎಂದು ಗೋಡೆಯಾಚೆ ಕೇಳುತ್ತಾರೆ ಮಕ್ಬೂಲ್ ಮಾಸ್ತರರು,
ಮೂವತ್ತೊಂದು ವರ್ಷ ಬಲೂನು ಬಿಟ್ಟ ಮನುಷ್ಯ.
"ನನ್ನ ಕಣ್ಣ ಕೇಳ್ರೀ" ಅನ್ನುತ್ತಾಳೆ ಅವಳು,
ಸೆರಗಿನಿಂದ ಒರೆಸುತ್ತ.

ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತದೆ.
ಎರಡು ಪದರದ ನಡುವೆ ಸಿಕ್ಕಿಬಿದ್ದ ತೇವ
ಆವಿಯಾಗಿ ಎದ್ದು, ದಾರಿ ತಡಕಿ,
ಅಂಚಿನಲ್ಲೊಂದು ತೂತು ಕಂಡು ಸುಂಯ್ ಅನ್ನುತ್ತದೆ.
ಇಷ್ಟೇ ಕತೆ.
ಬಿಸಿಯಾದದ್ದು ಏಳುತ್ತದೆ. ಅದು ಬಿಟ್ಟ ಜಾಗಕ್ಕೆ
ಪಕ್ಕದ ತಂಪು ಓಡಿ ಬರುತ್ತದೆ.
ಉಳಿದದ್ದೆಲ್ಲ ಹೆಂಚಿನ ಗಾತ್ರದ ಮಾತು.

ಮಧ್ಯಾಹ್ನ ಮೂರಕ್ಕೆ ಹೆಂಚು ಮೈದಾನದಷ್ಟು.
ಶಹಾಬಾದಿ ಕಲ್ಲು ಕಾದು, ಡಾಂಬರು ಕಾದು,
ಟಂಟಂ ಗಾಡಿಯ ಟಾಪು ಕಾದು
ನೆಲದಿಂದ ಒಂದು ಸುಳಿ ಎದ್ದು
ಗುಟ್ಕಾ ಚೀಟಿ, ತೊಗರಿ ಹೊಟ್ಟು, ಯಾರದೋ ಹಾಲ್ ಟಿಕೆಟ್ಟು
ಎಲ್ಲವನ್ನೂ ಕೈಹಿಡಿದು ಫುಗಡಿ ಆಡಿಸಿ
ದಾಲ್ ಮಿಲ್ಲಿನ ಗೋಡೆಗೆ ಹಾಯ್ದು ಸಾಯುತ್ತದೆ.
ವಯಸ್ಸು ಎರಡು ನಿಮಿಷ.
ದೆವ್ವವೆಂದು ಹುಡುಗರು ಚಪ್ಪಲಿ ಎಸೆಯುತ್ತಾರೆ.
ನಾನು ಗಡಿಯಾರ ನೋಡುತ್ತೇನೆ.
ಅದೂ ಒಂದು ಬಗೆಯ ಹೆದರಿಕೆಯೇ.

ಆಷಾಢ. ಒಂಬತ್ತು ದಿನದಿಂದ ಮಳೆಯಿಲ್ಲದ ಆಕಾಶ
ತೊಳೆದು ಬೋರಲಿಟ್ಟ ಗಂಗಾಳ.
ಸಂಜೆ ಐದೂವರೆಗೆ ಬಿಳಿ ಬಲೂನನ್ನು ಕೈಬಿಟ್ಟೆ.
ಥಿಯೋಡಲೈಟಿಗೆ ಕಣ್ಣು. ನಿಮಿಷಕ್ಕೊಮ್ಮೆ ಮಾಸ್ತರರ "ಹಾಂ!"
ನಿಮಿಷಕ್ಕೊಮ್ಮೆ ನನ್ನ ಎರಡು ಅಂಕಿ:
ದಿಕ್ಕು, ಎತ್ತರದ ಕೋನ.

ಅದು ಮೂಡಣಕ್ಕೆ ಹೋಗುತ್ತದೆ, ಹೋಗುತ್ತಲೇ ಇರುತ್ತದೆ.
ನೂಕುವ ಪಡುವಣ ಗಾಳಿ ಈ ಊರಿನದಲ್ಲ.
ಭೂಮಿಯ ಕೆಳಮಗ್ಗುಲಲ್ಲಿ, ಚಳಿಗಾಲದ ಕಡಲ ಮೇಲೆ
ಭಾರವಾಗಿ ಕೂತಿತ್ತು;
ಕಾದ ನೆಲದ ಕರೆಗೆ ಎದ್ದು ಹೊರಟು
ನಡುಗೆರೆ ದಾಟಿ, ತಿರುಗುವ ಭೂಮಿ ಕಾಲಡಿಯಿಂದ ಜಾರಿ
ಬಲಕ್ಕೆ ಹೊರಳಿ, ಘಟ್ಟ ಹತ್ತುವಾಗ
ಹೊತ್ತದ್ದನ್ನೆಲ್ಲ ಅಲ್ಲೇ ಚೆಲ್ಲಿ
ನಮ್ಮ ಬಾಗಿಲಿಗೆ ಬರಿಗೊಡ ತರುತ್ತದೆ.
ಸದ್ದು ಮಾತ್ರ ಜೋರು.

ಮೂವತ್ತು. ಮೂವತ್ತೊಂದು.
ಬಲೂನು ಈಗ ಬಿಸಿಲು ತಾಗಿದ ಜೋಳದ ಕಾಳು.
ಕೋನ ಇಳಿಯುತ್ತ ಬಂತು: ಇಪ್ಪತ್ತಾರು, ಇಪ್ಪತ್ತೈದೂವರೆ.
ಮೂವತ್ತನಾಲ್ಕನೆಯ ನಿಮಿಷ, ಇಪ್ಪತ್ತೈದು.
ಮೂವತ್ತೈದು, ಅದೇ ಇಪ್ಪತ್ತೈದು.
ಮೂವತ್ತಾರು, ಇಪ್ಪತ್ತಾರು.

ತಪ್ಪು ಓದಿದೆನೆಂದು ರಬ್ಬರಿಗೆ ಕೈಚಾಚಿದೆ.
"ಅಳಿಸಬ್ಯಾಡ ಬೇಟಾ" ಅಂದರು ಮಾಸ್ತರರು,
ನೋಡದೆಯೇ, ಕನ್ನಡಕ ಒರೆಸುತ್ತ.
"ಹೊಳ್ಳಿ ಬರ್ಲಿಕತ್ತದ ಅದು."

ಆರೇಳು ಕಿಲೋಮೀಟರು ಮೇಲೆ ಇನ್ನೊಂದು ಊರಿನಂಥ ಗಾಳಿ.
ಎಷ್ಟೋ ದೇಶಗಳಗಲದ ಹೆಂಚು ಕಾದು,
ಬಡಗಣದಲ್ಲಿ ಎದ್ದದ್ದು ಮೇಲೆ ದಾರಿ ಕಂಡು
ಮೂಡಣದಿಂದ ಪಡುವಣಕ್ಕೆ ಹಾಯುತ್ತಿದೆ,
ತಾನು ಹೊರಟ ಕಡಲ ಕಡೆಗೇ,
ನಮ್ಮ ನೆತ್ತಿಯ ಮೇಲಿಂದ, ನಮಗೆ ಹೇಳದೆ.
ಇಷ್ಟು ದಿನ ನಾನು ಗಾಳಿ ಅಂದದ್ದು
ಅದರ ಅರಿವೆಯ ಕೆಳಗಿನ ಅಂಚು ಮಾತ್ರ.

ನಲವತ್ತೊಂದಕ್ಕೆ ಬಲೂನು ಕಾಣದಾಯಿತು.
ಒಡೆಯಿತೋ, ನನ್ನ ರೆಪ್ಪೆ ಬಡಿಯಿತೋ.
ಷರಾ ಕಾಲಮ್ಮಿನಲ್ಲಿ ಎರಡಕ್ಕೂ ಒಂದೇ ಪದವಿದೆ.

ಗೋಡೆಯಾಚೆ ಚಂದಮ್ಮ ರೊಟ್ಟಿ ಪೇರಿಸುತ್ತಿದ್ದಳು.
"ಯಾ ಕಡಿ ಹೋಯ್ತವಾ ನಿಮ್ಮ ಬಲೂನ?"
ಪಡುವಣಕ್ಕೆ ಕೈ ತೋರಿಸಿದೆ.
ಅವಳು ಮೂಡಣಕ್ಕೆ ಬಾಗಿದ ತನ್ನ ಹೊಗೆ ನೋಡಿದಳು,
ನನ್ನನ್ನು ನೋಡಿದಳು.
"ಕಣ್ಣ ತೋರಿಸ್ಕೋ ಒಮ್ಮಿ" ಅಂದು
ಮುರಿದದ್ದೊಂದು ರೊಟ್ಟಿ ಗೋಡೆಯ ಮೇಲಿಟ್ಟಳು.